ಕದರಮ್ಮನ ಬೋಣಿ

ಪೇಟೆಗೆ ಹೋಗಬೇಕಾದರೆ ಏನಾದರೂ ಕೊಳ್ಳುವುದಿರಬೇಕು ಎಂಬ ನಿಯಮ ನಮ್ಮತ್ತೆ ಕದರಮ್ಮನವರಿಗೆ ಇರಲೇ ಇಲ್ಲ. ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ಮುಗಿಸಿ, ಬಟ್ಟೆ ಚೀಲ ಕೈಗೆ ಸಿಕ್ಕಿಸಿಕೊಂಡು ಹೊರಟರೆಂದರೆ ಚಿಕ್ಕಪೇಟೆ, ಮಂಡಿಪೇಟೆ ಎಲ್ಲ ಸುತ್ತಿ ಊಟದ ಹೊತ್ತಿಗೆ ಬರುವರು. ಚೀಲ ಹೋದ ಹಾಗೇ ವಾಪಸ್ಸು ಬರುತ್ತಿತ್ತು.

"ಏನ್ ತಂದ್ರಿ ಅತ್ತೆ?" ಎಂದರೆ, "ತರೋಕೆ ಯಾರ್ ಹೋಗಿದ್ರು? ನೋಡೋಕೆ ಹೋಗಿದ್ದೆ" ಎನ್ನುವರು.

ನೋಡುವುದು ಎಂದರೆ ಸುಮ್ಮನೆ ನೋಡುವುದಲ್ಲ. ಯಾವ ಹಳೇ ಕಟ್ಟಡ ಕೆಡವುತ್ತಿದ್ದಾರೆ, ಒಳಗಿನ ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಮರದ ಕಂಬಗಳನ್ನು ಯಾರು ಹೊತ್ತುಕೊಂಡು ಹೋದರು, ಎಲ್ಲ ವಿಚಾರಿಸಬೇಕು. ಒಂದು ಮನೆಯ ಮೊದಲ ಮಹಡಿಯಲ್ಲಿ ಬಾಗಿಲಿದೆ, ಅದರ ಮುಂದೆ ಬಾಲ್ಕನಿಯೂ ಇಲ್ಲ, ಮೆಟ್ಟಿಲೂ ಇಲ್ಲ. "ಅದನ್ನ ತೆಗೆದು ಎಲ್ಲಿಗೆ ಕಾಲಿಡ್ತಾರೆ?" ಎಂದು ಆ ಮನೆಯವರನ್ನೇ ಕೇಳಿ ಬಂದಿದ್ದರು. ಗುಬ್ಬಿ ಅವರ ತವರು. ಅಲ್ಲಿ ನೆಂಟರ ಮದುವೆಗೆ ಹೋದಾಗ ಮುಹೂರ್ತದ ಹೊತ್ತಿಗೆ ಅತ್ತೆ ನಾಪತ್ತೆ. ಹುಡುಕಿದರೆ ಛತ್ರದ ಪಕ್ಕದ ಹಳೇ ಮನೆಯಲ್ಲಿ, ಗುರುತು ಪರಿಚಯ ಇಲ್ಲದವರ ಜೊತೆ ಅಟ್ಟ ನೋಡಿ ಇಳಿದು, ಆರಾಮಾಗಿ ಕಾಫಿ ಕುಡಿಯುತ್ತಿದ್ದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಗಂಗಾಧರ್ ಹೇಳುವುದುಂಟು. ಇರಲಿ. ನಾನು ಕುಣಿಗಲ್ಲಿನವಳು, ಹೆಸರು ಅರುಣಾ, ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು, ಮನೆಯಲ್ಲೇ ಮಕ್ಕಳಿಗೆ ಗಣಿತ, ವಿಜ್ಞಾನದ ಟ್ಯೂಷನ್ ಹೇಳುತ್ತೇನೆ. ಕಾರಣ ಗೊತ್ತಾಗದೆ ಯಾವುದನ್ನೂ ಒಪ್ಪುವವಳಲ್ಲ. ಅದಕ್ಕೇ ಅತ್ತೆಯ ಕೈಗುಣದ ಕಥೆಯನ್ನೂ ನಾನು ಒಪ್ಪಿರಲಿಲ್ಲ.

ಕಥೆ ಏನೆಂದರೆ, ಕದರಮ್ಮ ಬೋಣಿ ಮಾಡಿದ ಅಂಗಡಿ ಮೇಲಕ್ಕೆ ಬರುತ್ತದೆ ಎಂಬ ನಂಬಿಕೆ ಪೇಟೆಯಲ್ಲಿ ಬೇರು ಬಿಟ್ಟಿತ್ತು. ಯಾವ ಕಾಲದಲ್ಲೋ ಒಂದು ಬಳೆ ಅಂಗಡಿಗೆ ಮೊದಲ ವ್ಯಾಪಾರ ಮಾಡಿದರಂತೆ, ಅದು ಎರಡು ಅಂಗಡಿಯಾಯಿತಂತೆ. ಅಲ್ಲಿಂದ ಶುರು. ಹೊಸ ಅಂಗಡಿ ಇಟ್ಟವರೆಲ್ಲ ನಮ್ಮ ಮನೆಗೆ ಬಂದು, ಎಲೆ ಅಡಿಕೆ ಕೊಟ್ಟು, "ಅಮ್ಮಾ, ನಿಮ್ಮ ಕೈಯಿಂದಾನೇ ಆಗ್ಬೇಕು" ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಬಾಗಿಲು ತೆಗೆದ ಅಂಗಡಿಯವರೂ ಇವರನ್ನು ಕಂಡರೆ ಕರೆಯುವರು. ಇವರು ಒಂದು ಸೂಜಿ ಕೊಂಡರೂ ಸಾಕು, ಕಣ್ಣಿಗೊತ್ತಿಕೊಂಡು ದುಡ್ಡು ತೆಗೆದುಕೊಳ್ಳುವರು. ಅದರ ಬದಲಿಗೆ ಅತ್ತೆಗೆ ಸಿಗುತ್ತಿದ್ದುದು ಒಂದೇ, ಆದರೆ ಅದು ದೊಡ್ಡದು. ಯಾವ ಅಂಗಡಿಯ ಒಳಗೆ ಬೇಕಾದರೂ ಹೋಗಿ, ಯಾವ ಡಬ್ಬ ಬೇಕಾದರೂ ತೆಗೆದು, ಏನು ಬೇಕಾದರೂ ಕೇಳಬಹುದಿತ್ತು. ಯಾರೂ "ತಗೊಳ್ದೇ ಇದ್ರೆ ಮುಟ್ಬೇಡಿ" ಅನ್ನುತ್ತಿರಲಿಲ್ಲ.

ವೆಂಕಟರಂಗಯ್ಯ ಎನ್ನುವವರದು ಚಿಕ್ಕಪೇಟೆಯಲ್ಲಿ ಪಾತ್ರೆ ಅಂಗಡಿ. ಹಳೇ ಹೆಂಚಿನ ಕಟ್ಟಡ, ಮುಂದೆ ಕಲ್ಲಿನ ಜಗಲಿ, ಜಗಲಿಯ ಮೇಲೆಲ್ಲ ಪಾತ್ರೆಗಳು. ಅತ್ತೆಗೆ ಅದು ಎರಡನೇ ಮನೆಯಿದ್ದ ಹಾಗೆ. ಕಟ್ಟಡದ ಯಜಮಾನರ ಮಕ್ಕಳಲ್ಲಿ ಭಾಗವಾಗಿ, ಕೆಡವಿ ಹೊಸದು ಕಟ್ಟುವುದೆಂದಾಯಿತು. ರಂಗಯ್ಯನವರು ಹಿಂದಿನ ರಸ್ತೆಯ ಹೊಸ ಕಾಂಪ್ಲೆಕ್ಸಿನ ಬೇಸ್‌ಮೆಂಟಿನಲ್ಲಿ ಅಂಗಡಿ ಹಿಡಿದರು. ಎಲೆ ಅಡಿಕೆ ತೆಂಗಿನಕಾಯಿ ಸಮೇತ ಮನೆಗೆ ಬಂದು ಕರೆದರು. ಅತ್ತೆಗೆ ಮಂಡಿ ನೋವು, ನಾನೇ ತೋಳು ಹಿಡಿದು ಮೆಟ್ಟಿಲು ಇಳಿಸಿದೆ. ಒಂದು ಸೌಟು ಕೊಂಡು ಬೋಣಿ ಮಾಡಿ ಬಂದರು.

ಅಂಗಡಿ ಏಳಲಿಲ್ಲ. ತಿಂಗಳುಗಟ್ಟಲೆ ಕಾದರೂ ಏಳಲಿಲ್ಲ. ಪೇಟೆಯಲ್ಲಿ ಮೊದಲು ಪಿಸುಮಾತು, ಆಮೇಲೆ ಜೋರು ಮಾತು: ಕದರಮ್ಮನ ಕೈಗುಣ ಹೋಯಿತು. ರಂಗಯ್ಯ ಅಂಗಡಿಯಲ್ಲಿ ಇನ್ನೊಂದು ಸಲ ಪೂಜೆ ಮಾಡಿಸಿ ಬೇರೆ ಯಾರದೋ ಕೈಯಲ್ಲಿ ಬೋಣಿ ಮಾಡಿಸಿದರು ಎಂಬ ಸುದ್ದಿಯನ್ನು ಹೂವು ಮಾರುವ ನರಸಿಂಹಮ್ಮ ನಮ್ಮ ಬಾಗಿಲಲ್ಲೇ ನಿಂತು ಹೇಳಿದಳು. ಹೇಳುವಾಗ ಹೂವು ಅಳೆಯುವುದನ್ನೇ ಮರೆತಿದ್ದಳು, ಅಷ್ಟು ಉತ್ಸಾಹ ಪುಣ್ಯಾತ್ಗಿತ್ತಿಗೆ!

ಅತ್ತೆ "ಹೌದಾ" ಎಂದರು, ಅಷ್ಟೇ. ಮಾರನೆಯ ದಿನ ಎಂದಿನಂತೆ ಪೇಟೆಗೆ ಹೋದವರು ಅರ್ಧ ಗಂಟೆಯಲ್ಲಿ ವಾಪಸ್ಸು. ಸೀರೆ ಅಂಗಡಿಯ ಚನ್ನೇಶ ಇವರನ್ನು ಕಂಡ ಕೂಡಲೇ ಅಡ್ಡ ಬಂದು, "ಆಮೇಲೆ ಬನ್ನಿ ಅಮ್ಮ, ಇನ್ನೂ ಬೋಣಿ ಆಗಿಲ್ಲ" ಎಂದನಂತೆ. ಅಷ್ಟು ಹೇಳಿ ಅತ್ತೆ ಚೀಲವನ್ನು ಮೊಳೆಗೆ ಹಾಕಿದರು. ಆಮೇಲೆ ಅದನ್ನು ತೆಗೆಯಲೇ ಇಲ್ಲ.

ಮನೆಯಲ್ಲಿ ಅತ್ತೆ ಇಡೀ ದಿನ ಇರುವುದು ಎಂದರೆ ಏನೆಂದು ನನಗೆ ಆಗಲೇ ತಿಳಿದದ್ದು. ಟಿ.ವಿ. ನೋಡಲೊಲ್ಲರು. ನಾನು ಟ್ಯೂಷನ್ ಹೇಳುತ್ತಿದ್ದರೆ ಬಾಗಿಲ ಹತ್ತಿರ ಕುಳಿತು ಸುಮ್ಮನೆ ಕೇಳುವರು, ಒಂದು ಪ್ರಶ್ನೆಯೂ ಇಲ್ಲ. ಕದರಮ್ಮನ ಬಾಯಲ್ಲಿ ಪ್ರಶ್ನೆ ಇಲ್ಲ! ಒಂದು ದಿನ ಕಿಟಕಿಯ ಬೆಳಕಿಗೆ ಬಲಗೈ ಹಿಡಿದು ನೋಡಿಕೊಳ್ಳುತ್ತಿದ್ದರು.

"ಅರುಣಾ, ಕೈಗೇನಾಗೈತೆ ಅಂತೀಯಾ?"

"ಮಣ್ಣಾಂಗಟ್ಟಿ ಆಗಿದೆ. ಸುಮ್ನಿರಿ ಅತ್ತೆ" ಎಂದು ರೇಗಿದೆ. ಅವರ ಮೇಲಿನ ಮರುಕ ನನ್ನ ಬಾಯಲ್ಲಿ ಸಿಟ್ಟಾಗಿ ಬಂತು.

ಇದರ ಬುಡ ಏನೆಂದು ನೋಡಿಯೇ ಬಿಡೋಣ ಎಂದು ಒಂದು ಬೆಳಿಗ್ಗೆ ನಾನೇ ಹೊರಟೆ. ಮೊದಲು ರಂಗಯ್ಯನವರ ಬೇಸ್‌ಮೆಂಟ್. ಕುಕ್ಕರ್ ನೋಡುವ ನೆಪದಲ್ಲಿ ಬಹಳ ಹೊತ್ತು ನಿಂತೆ. ಟ್ಯೂಬ್‌ಲೈಟಿನ ಬೆಳಕು, ಫ್ಯಾನಿನ ಸದ್ದು. ರಸ್ತೆಯ ಒಂದು ಹಾರ್ನ್ ಕೂಡ ಕೆಳಗೆ ಕೇಳಿಸದು. ಯಾರೂ ಬರಲಿಲ್ಲ. ಮೇಲೆ ಬಂದು ಫುಟ್‌ಪಾತಿನಲ್ಲಿ ನಿಂತೆ. ಸಾವಿರ ಜನ ಓಡಾಡುತ್ತಿದ್ದಾರೆ, ಆ ಮೆಟ್ಟಿಲ ಕಡೆ ಕಣ್ಣು ಹಾಯಿಸುವವರಿಲ್ಲ. ಅಲ್ಲಿಂದ ಚಿಕ್ಕಪೇಟೆಗೆ ನಡೆದೆ. ಹಳೇ ಕಟ್ಟಡದ ಹೆಂಚು ಇಳಿಸಿದ್ದರು, ಕಲ್ಲಿನ ಜಗಲಿ ಹಾಗೇ ಇತ್ತು. ಬಿಸಿಲಿಗೆ ಸುಸ್ತಾಗಿ ಅದರ ಮೇಲೆ ಕುಳಿತೆ. ಕುಳಿತು ಬೆವರು ಒರೆಸಿಕೊಳ್ಳುವುದರೊಳಗೆ ಒಬ್ಬಾಕೆ ಬಂದು, "ಏನಮ್ಮಾ, ಪಾತ್ರೆ ಅಂಗ್ಡಿ ಎಲ್ಲೋಯ್ತು?" ಎಂದಳು. ಹೇಳಿದೆ. ಆಮೇಲೆ ಬೆಳ್ಳಾವಿಯಿಂದ ಬಂದ ಗಂಡ ಹೆಂಡತಿ, ಅದೇ ಪ್ರಶ್ನೆ. ಆಮೇಲೆ ಒಬ್ಬ ಮುದುಕ. ನಾನು ಅಲ್ಲಿ ಏನೂ ಮಾರುತ್ತಿರಲಿಲ್ಲ, ಸುಮ್ಮನೆ ಕುಳಿತಿದ್ದೆ. ಆದರೂ ದಾರಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು.

ಆಗ ನನಗೆ ತಟ್ಟನೆ ಹೊಳೆಯಿತು. ಅತ್ತೆ ಜಗಲಿಯ ಮೇಲೆ ಕುಳಿತರೆ ಏನು ಮಾಡುತ್ತಿದ್ದರು? ಪಾತ್ರೆ ಎತ್ತಿ ಬೆರಳಿನಿಂದ ಬಡಿದು, "ಇದ್ಯಾಕ್ಲಾ ಹಿಂಗೆ ಸದ್ದು ಮಾಡ್ತೈತೆ, ತಳ ತೆಳ್ಳಗಿದ್ಯಾ?" ಎಂದು ಇಡೀ ಬೀದಿಗೆ ಕೇಳುವ ಹಾಗೆ ವಿಚಾರಿಸುತ್ತಿದ್ದರು. ಹೋಗುವವರು ನಿಂತು ಉತ್ತರ ಕೇಳಿಸಿಕೊಳ್ಳುತ್ತಿದ್ದರು. ನಿಂತವರು ಕೊಳ್ಳುತ್ತಿದ್ದರು. ಹಳೇ ಪೇಟೆಯ ಅಂಗಡಿಗಳೆಲ್ಲ ಬೀದಿಗೆ ಮುಖ ಮಾಡಿ ಕುಳಿತಂಥವು. ಇಷ್ಟೇ ಕೈಗುಣ! ಬೇಸ್‌ಮೆಂಟಿನಲ್ಲಿ ಇವರು ಎಷ್ಟು ಕೇಳಿದರೇನು, ಗೋಡೆ ಬಂದು ಪಾತ್ರೆ ಕೊಳ್ಳುತ್ತದೆಯೇ?

ಹಾರಿಕೊಂಡೇ ಮನೆಗೆ ಬಂದೆ. ಅತ್ತೆಯನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಮಕ್ಕಳಿಗೆ ತೋರಿಸುವಂತೆ ಚಿತ್ರ ಬರೆದೆ. ಇದು ಜಗಲಿ, ಇದು ಬೀದಿ, ಇದು ನೀವು. ಇದು ಬೇಸ್‌ಮೆಂಟ್, ಜನ ಇಲ್ಲಿ ಮೇಲೆ, ನೀವು ಅಲ್ಲಿ ಕೆಳಗೆ. ಬಾಣದ ಗುರುತು ಹಾಕಿ, ಬಣ್ಣ ತುಂಬಿ ವಿವರಿಸಿದೆ.

ಅತ್ತೆ ಬಹಳ ಗಮನವಿಟ್ಟು ನೋಡಿದರು.

"ಅಂದ್ರೆ ನನ್ನ ಕೈಯಾಗೆ ಕೆಟ್ಟದ್ದೇನೂ ಇಲ್ಲ."

"ಇಲ್ಲವೇ ಇಲ್ಲ ಅತ್ತೆ!"

"ಒಳ್ಳೇದೂ ಇರ್ಲಿಲ್ಲ."

ಅವರು ಇನ್ನೊಮ್ಮೆ ಆ ಚಿತ್ರದಲ್ಲಿದ್ದ ತಮ್ಮನ್ನು, ಜಗಲಿಯ ಮೇಲಿನ ಸಣ್ಣ ಕೆಂಪು ಚುಕ್ಕೆಯನ್ನು, ನೋಡಿದರು. "ಇಷ್ಟು ವರ್ಷ ಸುಮ್ಸುಮ್ನೆ ಕರೀತಿದ್ರಾ ಹಂಗಾದ್ರೆ" ಎಂದು ಎದ್ದು ಅಡುಗೆ ಮನೆಗೆ ಹೋದರು. ತಪ್ಪು ತೆಗೆಯಲು ಹೋಗಿ ಇದ್ದ ಒಂದು ಹೆಮ್ಮೆಯನ್ನೂ ಕಿತ್ತುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಬೈದುಕೊಂಡೆ.

ಅದೇ ದಿನಗಳಲ್ಲಿ ನಾನೂ ಒಂದು ಅಂಗಡಿ ತೆರೆಯುವುದರಲ್ಲಿದ್ದೆ. ಕುಣಿಗಲ್ಲಿನಿಂದ ನಮ್ಮಮ್ಮ ಕಳಿಸುವ ರಾಗಿ ಹುರಿಹಿಟ್ಟು, ಚಟ್ನಿಪುಡಿಗಳನ್ನು ಕಂಪ್ಯೂಟರಿನಲ್ಲೇ ಮಾರುವ ಅಂಗಡಿ. ಫೋಟೊ ಹಾಕಿ, ಬೆಲೆ ಬರೆದು, ಎಲ್ಲ ಸಿದ್ಧ ಮಾಡಿದ್ದೆ. ಶುಕ್ರವಾರ ಬೆಳಿಗ್ಗೆ ಒಂದು ಗುಂಡಿ ಒತ್ತಿದರೆ ಅಂಗಡಿ ತೆರೆದಂತೆ.

ಆಫೀಸಿಗೆ ಹೊರಟಿದ್ದ ಗಂಗಾಧರ್ ಮೆಲ್ಲಗೆ, "ಫಸ್ಟ್ ಆರ್ಡರ್ ಪಕ್ಕದ ಮನೆ ಪೂಜಾ ಹತ್ರ ಮಾಡಿಸು. ಅಮ್ಮನ್ನ ಯಾಕೆ ಸುಮ್ನೆ..." ಎಂದರು.

"ಹೆತ್ತ ತಾಯಿ ಕಣ್ರೀ ಅವರು! ನಿಮಗೂ ಅದೇ ಚಾಳಿನಾ?" ಎಂದು ಅವರಿಗೆ ಬಿಸಿ ಮುಟ್ಟಿಸಿ ಕಳಿಸಿದೆ. ಬಾಗಿಲು ಹಾಕಿಕೊಂಡು ಬಂದು ಕಂಪ್ಯೂಟರ್ ಮುಂದೆ ಕುಳಿತೆ. ಕೈಗುಣ ಇಲ್ಲ, ಮೂಢನಂಬಿಕೆ, ಚಿತ್ರ ಬರೆದು ಸಾಧಿಸಿದವಳೇ ನಾನು. ಆದರೂ ಮೌಸಿನ ಮೇಲಿಟ್ಟ ಬೆರಳು ಅಲ್ಲಾಡಲಿಲ್ಲ. ಪೂಜಾಳನ್ನು ಕರೆಯಲೂ ಮನಸ್ಸಾಗಲಿಲ್ಲ. ಕೊನೆಗೆ ಹಿತ್ತಲಿಗೆ ಹೋದೆ.

"ಅತ್ತೆ, ಬನ್ನಿ. ಬೋಣಿ ಮಾಡಿ."

ಅವರು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ನಂಬಿಕೆ ಇಲ್ದೋರ ಅಂಗ್ಡೀಲಿ ನಾನು ಬೋಣಿ ಮಾಡಲ್ಲ. ನಂಗೂ ಮರ್ಯಾದೆ ಐತೆ."

ಸಿಟ್ಟು ಬಂತು, ಅಳುವೂ ಬಂತು. "ನಂಬಿಕೆ ಇಲ್ಲ ಅತ್ತೆ, ಸುಳ್ಳು ಹೇಳಲ್ಲ. ಆದ್ರೆ ನೀವಿಲ್ದೆ ಶುರು ಮಾಡೋಕೆ ನಂಗೆ ಭಯ ಆಗ್ತಿದೆ. ಯಾಕೆ ಅಂತ ನಂಗೇ ಗೊತ್ತಾಗ್ತಿಲ್ಲ. ನಿಮ್ಮ ಕೈಯಲ್ಲಿ ಏನಾದ್ರೂ ಇರ್ಲಿ, ಇಲ್ದೇ ಇರ್ಲಿ, ನಂಗೆ ಆ ಕೈಯೇ ಬೇಕು."

ಅತ್ತೆ ಮಡಿಲಿನ ಸಿಪ್ಪೆ ಕೊಡವಿ, ಕೈ ತೊಳೆದು ಬಂದು ಕುರ್ಚಿಯಲ್ಲಿ ಕುಳಿತರು. ಅಷ್ಟು ದಿನ ಬಾಯಲ್ಲಿ ತಡೆದಿಟ್ಟಿದ್ದ ಪ್ರಶ್ನೆಗಳೆಲ್ಲ ಒಟ್ಟಿಗೇ ಬಂದವು. ಇದನ್ನು ಮೂಸಿ ನೋಡುವುದು ಹೇಗೆ? ಚೌಕಾಸಿ ಎಲ್ಲಿ ಮಾಡುವುದು? ಗಿರಾಕಿ ಬಂದು ನೋಡಿ ಹೋದರೆ ನಿನಗೆ ತಿಳಿಯುತ್ತದಾ? ನಾನು ಎಲ್ಲದಕ್ಕೂ ಉತ್ತರ ಕೊಟ್ಟೆ, ಒಂದಕ್ಕೂ ರೇಗಲಿಲ್ಲ. ಕೊನೆಗೆ ನಾನು ಅಂಗಡಿ ತೆರೆಯುವ ಗುಂಡಿ ಒತ್ತಿದೆ, ಅತ್ತೆ ಹುರಿಹಿಟ್ಟಿನ ಪೊಟ್ಟಣದ ಚಿತ್ರದ ಮೇಲೆ ಮೌಸಿನ ಬಾಣ ಇಟ್ಟು, ಕಣ್ಣು ಮುಚ್ಚಿ ಮನೆದೇವರನ್ನು ನೆನೆದು ಒತ್ತಿದರು.

"ಅಡ್ರೆಸ್ ಕೇಳ್ತಿದೆ. ನಮ್ಮನೇದೇ ಹಾಕ್ಲಾ?"

"ಇಲ್ಲಿಗ್ಯಾಕೆ, ಡಬ್ಬದ ತುಂಬ ಐತೆ. ರಂಗಯ್ಯನ ಅಂಗ್ಡಿಗೆ ಹಾಕು."

"ಏನು? ಆ ಮನುಷ್ಯನಿಗಾ? ನಿಮಗೆ ಇಷ್ಟೆಲ್ಲ ಮಾಡಿದೋರಿಗೆ?"

"ಬುಡೇ. ನೀನೇ ಚಿತ್ರ ಬರ್ದು ತೋರ್ಸಿದ್ಯಲ್ಲ, ಅವ್ನು ಕೆಳಗವ್ನೆ, ಯಾರ್ಗೂ ಕಾಣಲ್ಲ ಅಂತ. ಆವತ್ತಿಂದ ಅದೇ ಯೋಚ್ನೆ ನಂಗೆ. ಪಾಪ, ಬೆಳಗಿಂದ ಸಂಜೆಗಂಟ ಒಬ್ನೇ ಏನ್ ಮಾಡ್ತಾನೆ ಅಲ್ಲಿ? ಹಿಡ್ಕೊ ಪೊಟ್ಟಣ, ನಡಿ."

ಆಟೊ ಹಿಡಿದು ಹೋದೆವು. ಮೆಟ್ಟಿಲ ಹತ್ತಿರ ನಾನು ತೋಳು ಹಿಡಿಯಲು ಹೋದರೆ ಕೊಸರಿಕೊಂಡು ಮೇಲೇ ನಿಂತರು. ಸೊಂಟದ ಮೇಲೆ ಕೈಯಿಟ್ಟು ಕೆಳಕ್ಕೆ ಬಗ್ಗಿ ಕೂಗಿದರು: "ರಂಗಯ್ಯಾ! ಹಿತ್ತಾಳೆ ಕೊಳದಪ್ಪಲೆ ಮಡಗಿದ್ದೀಯೇನಪ್ಪಾ? ಅಗಲ ಎಷ್ಟೈತೆ?"

ಫುಟ್‌ಪಾತಿನಲ್ಲಿ ಹೋಗುತ್ತಿದ್ದವರು ತಿರುಗಿದರು. ಎಳನೀರಿನವನು ಮಚ್ಚು ಕೆಳಗಿಟ್ಟು ನೋಡಿದ. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವ ಹಾಗಾಯಿತು. ರಂಗಯ್ಯ ಏದುಸಿರು ಬಿಡುತ್ತಾ ಮೇಲೆ ಬಂದರು. ಅತ್ತೆಯನ್ನು ಕಂಡವರು ಎರಡು ಮೆಟ್ಟಿಲು ಕೆಳಗೇ ನಿಂತುಬಿಟ್ಟರು.

"ಕದರಕ್ಕಾ..."

"ಮಾತು ಆಮ್ಯಾಕೆ. ಕೊಳದಪ್ಪಲೆ ತಗೊಂಬಾ. ಇಲ್ಲೇ, ಬೆಳಕಾಗೆ ನೋಡ್ಬೇಕು ನಾನು."

ಅವರು ಇಳಿದರು, ಎತ್ತಿಕೊಂಡು ಹತ್ತಿದರು. ಅತ್ತೆ ಬಡಿದು ನೋಡಿ ಇನ್ನೊಂದು ಕೇಳಿದರು. ಮತ್ತೆ ಇಳಿದರು, ಮತ್ತೆ ಹತ್ತಿದರು. ಮೂರನೇ ಸಲ ಅವರ ಕೈಯಲ್ಲಿ ಪಾತ್ರೆ ಇರಲಿಲ್ಲ. ತಾವು ಗಲ್ಲಾದ ಹಿಂದೆ ಹಾಕಿಕೊಂಡು ಕೂರುವ ಕುರ್ಚಿಯನ್ನು ಹೊತ್ತು ತಂದಿದ್ದರು. ಅದನ್ನು ಮೆಟ್ಟಿಲ ತಲೆಯಲ್ಲಿ, ರಸ್ತೆಗೆ ಮುಖ ಮಾಡಿ ಇಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದರು. ಕಣ್ಣಲ್ಲಿ ನೀರಿತ್ತು.

"ಕೂತ್ಕಳಿ ಅಕ್ಕಾ" ಎಂದರು.

ಅತ್ತೆ ಕುಳಿತರು. ನಾನು ಹುರಿಹಿಟ್ಟಿನ ಪೊಟ್ಟಣವನ್ನು ರಂಗಯ್ಯನವರ ಕೈಗೆ ಕೊಟ್ಟೆ. ಆಗಲೇ ಒಬ್ಬಾಕೆ ಆ ಕೊಳದಪ್ಪಲೆಯನ್ನು ಬಗ್ಗಿ ನೋಡುತ್ತಿದ್ದಳು. ಅವಳು ಕೊಂಡಳೋ ಇಲ್ಲವೋ ನನಗೆ ತಿಳಿಯದು. ಅತ್ತೆ ಆಗಲೇ ಅವಳಿಗೆ ಯಾವೂರು, ಮನೆಯಲ್ಲಿ ಎಷ್ಟು ಜನ ಎಂದು ಶುರು ಮಾಡಿದ್ದರು.

"ಹೋಗೋಣ್ವಾ ಅತ್ತೆ?" ಎಂದೆ.

"ನೀನ್ ಹೋಗೇ, ಅಂಗ್ಡಿ ನೋಡ್ಕೊ. ನಾನು ನಿಧಾನಕ್ಕೆ ಬರ್ತೀನಿ."

ರಸ್ತೆ ದಾಟುವಾಗ ನನಗೆ ಅಳು ತಡೆಯಲಾಗಲಿಲ್ಲ. ಆಟೊದವನು "ಎಲ್ಲಿಗಮ್ಮಾ?" ಎಂದು ಎರಡು ಸಲ ಕೇಳಬೇಕಾಯಿತು.