ವೆಂಡಲ್ ಕೊರೆಯದ ಪಿಸ್ತೂಲು

ವೆಂಡಲ್ ಸ್ಟ್ರೋಬಲ್ ಅವರ ಬಂದೂಕು ರಿಪೇರಿ ಅಂಗಡಿಗೆ ಒಂದೇ ನಿಯಮ. ಹಳೆಯ ಪಿಸ್ತೂಲಿಗೆ ಏನು ಮಾಡಿದರೂ ಅದನ್ನು ಬಿಚ್ಚಿ ಮತ್ತೆ ಮೊದಲಿನಂತೆ ಮಾಡಲು ಬರಬೇಕು. ತೆಗೆದ ಭಾಗಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಖಾಲಿ ಕಾಫಿ ಡಬ್ಬಿಗೆ ಹಾಕಿ ಗಿರಾಕಿಯ ಕೈಗೇ ಕೊಡುತ್ತಾರೆ. ಅಮೆರಿಕದ ಈರೀ ಸರೋವರದ ದಂಡೆಯ ನಮ್ಮೂರಿನಲ್ಲಿ ಕಾಫಿ ಮಾಡಲು ಹೋಗಿ ಡಬ್ಬಿಯಿಂದ ಸ್ಪ್ರಿಂಗು ತೆಗೆದವರು ಬಹಳ ಮಂದಿ.

ಮಾರ್ಚ್‌ನಲ್ಲಿ ಡೊರೀನ್ ಕೋಸಿಕ್ ಬಂದರು. ನಾವೆಲ್ಲ ಅವರು ಓಡಿಸುತ್ತಿದ್ದ ಬಸ್ಸಿನಲ್ಲೇ ಶಾಲೆಗೆ ಹೋದವರು. ಅವರ ಅಪ್ಪ ಕೊರಿಯಾ ಯುದ್ಧದಲ್ಲಿ ಹೊತ್ತಿದ್ದ ಸೈನ್ಯದ ಪಿಸ್ತೂಲು ಅವರ ಬಳಿ ಇತ್ತು. ಜುಲೈ ತಿಂಗಳ ಗುರಿ ಪಂದ್ಯದಲ್ಲಿ ಇಪ್ಪತ್ತಾರು ವರ್ಷ ಡೊರೀನ್ ಅದನ್ನೇ ಹಿಡಿದಿದ್ದರು.

"ತುದೀಲಿರೋ ಗುರಿಕಡ್ಡಿ ಕಣ್ಣಿಗೆ ಮಂಜಾಗ್ತಿದೆ ಕಣೋ ವೆಂಡಲ್. ಕೆಂಪು ಚುಕ್ಕೆ ತೋರ್ಸೋ ಗಾಜು ಬಂದಿದ್ಯಲ್ಲ, ಅದನ್ನ ಕೂರಿಸ್ಕೊಡು."

"ಅದಕ್ಕೆ ಮೇಲಿನ ಉಕ್ಕು ಕೊರೀಬೇಕು. ನಾನು ಕೊರಿಯಲ್ಲ."

"ಮತ್ತೆ ಮನೇಲಿ ಕೂತು ಸ್ವೆಟರ್ ಹೆಣೀಲಾ?"

"ನೀನು ಹೆಣೆದ ಸ್ವೆಟರ್ ನೋಡಿದೀನಿ. ದಯವಿಟ್ಟು ಬೇಡ."

ಇಬ್ಬರೂ ಮೂರನೇ ತರಗತಿಯಿಂದ ಹೀಗೇ.

ವೆಂಡಲ್ ಒಂದು ಹೊಸ ಸ್ಲೈಡ್ ತರಿಸಿದರು. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಉಕ್ಕಿನ ಭಾಗ ಅದು. ಮೂರು ವಾರ ಅದನ್ನು ಕೂದಲೆಳೆಯಷ್ಟೇ ಅರದಿಂದ ಉಜ್ಜುತ್ತ, ಹಳೆಯ ಚೌಕಟ್ಟಿಗೆ ಹೊಂದಿಸುತ್ತ ಕೂತರು. ಬಣ್ಣವನ್ನು ಹಳೆಯದರ ಮಾಸಲು ಬೂದಿಗೆ ತಂದರು. ಚುಕ್ಕೆಯ ಗಾಜನ್ನು ಅದರ ಮೇಲೆ ಕೂರಿಸಿದರು. ಹಳೆಯದರ ಮೇಲಿದ್ದ ಸೈನ್ಯದ ಅಕ್ಷರಗಳನ್ನು ಮಾತ್ರ ಕೆತ್ತಲಿಲ್ಲ. ಯುದ್ಧಕ್ಕೆ ಹೋಗದ ಉಕ್ಕಿನ ಮೇಲೆ ಅವನ್ನು ಬರೆದರೆ ಸುಳ್ಳಾಗುತ್ತದೆ ಎಂದರು.

ಡೊರೀನ್ ತಿರುಗಿಸಿ ತಿರುಗಿಸಿ ನೋಡಿದರು. "ಅರ್ಧ ಪಿಸ್ತೂಲು ಡಬ್ಬಿಗೆ ಹೋಯ್ತು. ಇದಿನ್ನೂ ಅಪ್ಪಂದೇನಾ?"

"ಪಿಸ್ತೂಲಿನ ನಂಬರ್ ಇರೋದು ಕೆಳಗಿನ ಚೌಕಟ್ಟಲ್ಲಿ. ಅವರು ಹಿಡೀತಿದ್ದ ಹಿಡಿನೂ ಅದೇ. ನಿನ್ನ ಕೈ ಇರೋದೂ ಅಲ್ಲೇ ತಾನೆ?"

ಭಾನುವಾರ ಬೆಳಿಗ್ಗೆ ಇಬ್ಬರೂ ಶೂಟಿಂಗ್ ಕ್ಲಬ್ಬಿನ ಮೈದಾನಕ್ಕೆ ಹೋದರು. ಡೊರೀನ್ ತೋಳು ಚಾಚಿ ಗುರಿಯಿಟ್ಟರು. ಕೆಂಪು ಚುಕ್ಕೆ ಸ್ಪಷ್ಟವಾಗಿ ಕಂಡಿತು, ಆದರೆ ಗುರಿಹಲಗೆಯ ಮೇಲೆ ನೊಣದಂತೆ ಓಡಾಡಿತು. ಗುಂಡು ಹಾರಿಸದೆ ಕೈ ಇಳಿಸಿಬಿಟ್ಟರು.

"ನನ್ನ ಕೈ ಇಷ್ಟು ನಡುಗುತ್ತಾ? ಸಾಕು, ಈ ಸಲ ಪಂದ್ಯಕ್ಕೆ ಹೆಸರೇ ಕೊಡಲ್ಲ."

"ಮೊದಲಿಂದ್ಲೂ ನಡುಗ್ತಿತ್ತು ಕಣೇ. ಕಾಣ್ತಿರ್ಲಿಲ್ಲ ಅಷ್ಟೆ."

"ಅಪ್ಪನ ಕೈ ನಡುಗ್ತಿರ್ಲಿಲ್ಲ."

"ನಿಮ್ಮಪ್ಪಂದಾ? ಕುರಿ ಬಾಲದ ಹಾಗೆ! ಪಂದ್ಯದಲ್ಲಿ ಅವರ ಪಕ್ಕದಲ್ಲೇ ಹತ್ತು ವರ್ಷ ನಿಂತಿದ್ದೆ. ಆದ್ರೂ ಗುರಿಗೆ ಹೊಡೀತಿದ್ರು. ನಡುಗೋದನ್ನ ನಿಲ್ಲಿಸೋಕೆ ಹೋಗ್ಬೇಡ, ಮೆಲ್ಲಗೆ ಒತ್ತು."

ಡೊರೀನ್ ನಕ್ಕುಬಿಟ್ಟರು. ಅಪ್ಪನ ಬಗ್ಗೆ ಈ ಮಾತು ಅವರಿಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಮತ್ತೆ ತೋಳು ಚಾಚಿದರು. ಚುಕ್ಕೆಯನ್ನು ಅದರ ಪಾಡಿಗೆ ಆಡಲು ಬಿಟ್ಟು ಐದು ಸಲ ಪಿಸ್ತೂಲಿನ ಕುದುರೆ ಒತ್ತಿದರು. ಎರಡು ಗುಂಡು ನಟ್ಟನಡುವೆ, ಒಂದು ಅದರ ಅಂಚಿಗೆ, ಉಳಿದೆರಡು ಎಲ್ಲೋ.

ವೆಂಡಲ್ ಆಗಲೇ ಟ್ರಕ್ಕಿನ ಹಿಂದೆ ಕೂತು ಹುರಿದ ಮೀನಿನ ಸ್ಯಾಂಡ್‌ವಿಚ್ ಬಿಚ್ಚಿದ್ದರು.

"ಹೆಸರು ಕೊಟ್ಬಿಡ್ಲಾ ಹಾಗಾದ್ರೆ?" ಡೊರೀನ್ ಕೂಗಿದರು.

"ಬೇಗ ಕೊಡು. ತಡ ಮಾಡಿದ್ರೆ ಬಿಸಿಲಲ್ಲಿ ನಿಲ್ಲೋ ಜಾಗ ಕೊಡ್ತಾರೆ."