ಬೆಟಗೇರಿಯಲ್ಲಿ ಚೀನೀ ಮಸಾಲೆ

ಚೀನೀ ಅಡುಗೆಯನ್ನು ನಾನು ಒಮ್ಮೆಯೂ ಮಾಡಿಲ್ಲ. ಆದರೂ ಬೆಟಗೇರಿಯ ನಮ್ಮ ಅಡುಗೆಮನೆಯಲ್ಲಿ 'ಚೀನೀ ಐದು ಮಸಾಲೆ' ಎಂದು ಚೀಟಿ ಅಂಟಿಸಿದ ಏಳು ಬಾಟಲಿಗಳಿವೆ. ಒಂದರಂತೆ ಇನ್ನೊಂದಿಲ್ಲ. ಯಾವುದು ಎಷ್ಟು ಗ್ರಾಂ ಎಂದು ಪ್ರತಿ ಚೀಟಿಯ ಮೇಲೂ ಬರೆದಿದ್ದೇನೆ. ರಸಾಯನಶಾಸ್ತ್ರ ಓದಿದವಳು ನಾನು. ತೂಗದೆ ಏನನ್ನೂ ನಂಬುವುದಿಲ್ಲ. ಯಾರಾದರೂ ಕೇಳಿದರೆ ಮೊಬೈಲಿನಲ್ಲಿ ನೋಡಿ ಕಲಿತೆ, ಸುಮ್ಮನೆ ಒಂದು ಹವ್ಯಾಸ ಎನ್ನುತ್ತೇನೆ. ಅದು ಸುಳ್ಳು.

ಹೋದ ಮಳೆಗಾಲದಲ್ಲಿ ಬಂದ ಜ್ವರವೊಂದು ಹೋಗುವಾಗ ಅವ್ವನಿಗೆ ವಾಸನೆ ತಿಳಿಯದಂತೆ ಮಾಡಿಹೋಯಿತು. ಬೇರೆ ಯಾರಿಗಾದರೂ ಅದು ಅಷ್ಟು ದೊಡ್ಡ ಮಾತಾಗುತ್ತಿರಲಿಲ್ಲವೇನೋ. ಆದರೆ ಬೇಸಿಗೆಯಲ್ಲಿ ನಮ್ಮ ಓಣಿಯವರು ವರ್ಷಕ್ಕಾಗುವಷ್ಟು ಮಸಾಲಿ ಖಾರದ ಪುಡಿ ಮಾಡುವಾಗ ಅವ್ವನ ಮೂಗಿನದೇ ಕೊನೆಯ ತೀರ್ಪು. ಸಾಮಾನು ಕಡಿಮೆ ಹುರಿದರೆ ಖಾರಕ್ಕೆ ಹುಳ ಬೀಳುತ್ತದೆ, ಹೆಚ್ಚು ಹುರಿದರೆ ಕಹಿಯಾಗುತ್ತದೆ; ಆ ತಪ್ಪನ್ನು ಮುಂದಿನ ಬೇಸಿಗೆಯ ತನಕ ಪಲ್ಯದಲ್ಲಿ ಉಣ್ಣಬೇಕು. ಅದಕ್ಕೇ ಎಲ್ಲರೂ ಅವ್ವನನ್ನು ಕರೆದು ಒಲೆಯ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು.

ವಾಸನೆ ಹೋದದ್ದನ್ನು ಅವಳು ನನಗೂ ಹೇಳಿರಲಿಲ್ಲ. ಒಂದು ದಿನ ಹಾಲು ತಳ ಹಿಡಿದು ಮನೆಯೆಲ್ಲ ಸೀದು ನಾರುತ್ತಿತ್ತು. ಅವ್ವ ಒಲೆಗೆ ಬೆನ್ನು ಮಾಡಿ ಕುಳಿತು ನಿಶ್ಚಿಂತೆಯಿಂದ ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ನಾನು ಓಡಿಬಂದದ್ದನ್ನು ನೋಡಿ, ಗುಟ್ಟು ನನಗೆ ತಿಳಿಯಿತೆಂದು ಅವಳಿಗೆ ಅರ್ಥವಾಯಿತು.

"ಯಾರ ಮುಂದೂ ಅನಬ್ಯಾಡ," ಎಂದಳು. "ಬ್ಯಾಸಗಿಯೊಳಗ ಕರ್ಯಾಕ ಬರ್ತಾರ. ಆವಾಗ ನಾ ಏನ ಹೇಳ್ಲಿ?"

ದಿನವೂ ನಾಲ್ಕಾರು ಗಾಢವಾದ ವಾಸನೆಗಳನ್ನು ಮೂಸುತ್ತಿರಲಿ, ನಿಧಾನವಾಗಿ ಮರಳಿದರೂ ಮರಳಬಹುದು ಎಂದರು ವೈದ್ಯರು. ಮೊದಲ ದಿನ ಅವ್ವ ಲವಂಗದ ಡಬ್ಬಿಯನ್ನು ಮೂಗಿಗೆ ಹಿಡಿದಳು, ಮುಚ್ಚಿದಳು, ಮತ್ತೆ ತೆಗೆಯಲಿಲ್ಲ. ಐವತ್ತು ವರ್ಷ ಗುರುತಿದ್ದವರು ದಾರಿಯಲ್ಲಿ ಎದುರಾಗಿ ಮಾತಾಡಿಸದೆ ಹೋದರೆ ಹೇಗಾಗುತ್ತದೋ ಹಾಗಾಗಿರಬೇಕು. ಆಗ ನನಗೆ ಹೊಳೆಯಿತು: ನಮ್ಮಿಬ್ಬರಿಗೂ ಪರಿಚಯವಿಲ್ಲದ ಮಸಾಲೆಯೊಂದನ್ನು ಮಾಡಿದರೆ? ಹೇಗಿರಬೇಕೆಂದೇ ಗೊತ್ತಿಲ್ಲದ ವಾಸನೆ ಬಾರದಿದ್ದರೆ ಅಷ್ಟು ನೋವಾಗಲಾರದು.

ಗದಗಿನ ಪೇಟೆಯಲ್ಲಿ ಸಂಕೋಚದಿಂದಲೇ ಚೀನೀ ಮಸಾಲೆ ಕೇಳಿದೆ. "ಗೋಬಿ ಮಂಚೂರಿ ಪಾಕೀಟ ಅದಾವ, ಎಷ್ಟ ಕೊಡ್ಲಿ?" ಎಂದರು ಕಿರಾಣಿ ಅಂಗಡಿಯವರು. ಮಾತಾಡುವುದು ಕಷ್ಟವೆನಿಸಿ ಸಾಮಾನಿನ ಹೆಸರು ಬರೆದುಕೊಂಡಿದ್ದ ಚೀಟಿ ಮುಂದಿಟ್ಟೆ. ಅವರು ಓದಿ ನಕ್ಕರು. "ಇದರಾಗ ಚೀನಾದ್ದ ಯಾವದೈತಿ ತಂಗಿ? ಎಲ್ಲಾ ನಮ್ಮ ಮಸಾಲಿ ಖಾರದ್ದ ಸಾಮಾನ!"

ಖರೆ. ದಾಲ್ಚಿನ್ನಿ, ಲವಂಗ, ಬಡೇಸೋಪು, ಚಕ್ರಮೊಗ್ಗು, ಐದರಲ್ಲಿ ನಾಲ್ಕು ನಮ್ಮ ಮನೆಯಲ್ಲೇ ಇದ್ದವು. ದಾಲ್ಚಿನ್ನಿ ಎಂಬುದು ಪಾರಸಿಯಿಂದ ಬಂದ ಮಾತು, ಚೀನಾದ ಕಟ್ಟಿಗೆ ಎಂದು ಅದರ ಅರ್ಥ. ಯಾವ ಒಂಟೆಯ ಬೆನ್ನೇರಿ, ಯಾವ ಹಡಗಿನ ಕತ್ತಲಲ್ಲಿ ಮಲಗಿ ಆ ಹೆಸರು ನಮ್ಮ ಮಸಾಲೆ ಡಬ್ಬಿಗೆ ಬಂತೋ! ನಾವು ಕೇಳದೆಯೇ ಚೀನಾ ನಮ್ಮ ಒಲೆಯ ಹತ್ತಿರ ಕುಳಿತು ಎಷ್ಟೋ ಕಾಲವಾಗಿದೆ. ಸಿಗದೇ ಹೋದದ್ದು ಐದನೆಯದು, ನಾಲಿಗೆ ಜುಮ್ಮೆನ್ನಿಸುವ ಸಿಚುವಾನ್ ಮೆಣಸು. ಅದರ ಬದಲು ಕರಿಮೆಣಸು, ಕೊತ್ತಂಬರಿ ಬೀಜ ಸೇರಿಸಿದರೂ ನಡೆಯುತ್ತದೆ ಎಂದು ಓದಿದ್ದೆ. ಕೂಡಿಸಿದರೆ ಐದು ಮಸಾಲೆ ಆರಾಯಿತು. ಚೀಟಿಯ ಮೇಲೆ ಮಾತ್ರ ಐದೇ ಉಳಿಸಿಕೊಂಡೆ.

ಹೀಗೆ ನಮ್ಮ ಮಧ್ಯಾಹ್ನಗಳು ಶುರುವಾದವು. ಪಕ್ಕದ ಮನೆಯ ಮಗ್ಗ ಲಟಪಟ ಎನ್ನುತ್ತಿರುತ್ತದೆ. ಕಿಟಕಿಯಿಂದ ಬಿದ್ದ ಬಿಸಿಲು ನೆಲದ ಮೇಲೆ ನಿಧಾನವಾಗಿ ಸರಿಯುತ್ತದೆ. ನಾನು ಸಣ್ಣ ಉರಿಯಲ್ಲಿ ಒಂದೊಂದನ್ನೇ ಹುರಿಯುತ್ತೇನೆ, ಅವ್ವ ಕಣ್ಣು ಮುಚ್ಚಿ ಕೂರುತ್ತಾಳೆ. ಆ ಪರಿಮಳದಲ್ಲಿ ನನಗೆ ಕಾಣದ ಊರುಗಳು ಕಾಣುತ್ತವೆ: ಮಂಜು ಕವಿದ ನದಿ, ಕೆಂಪು ದೀಪ, ಹಬೆಯಾಡುವ ಬಟ್ಟಲು. ಅವ್ವನಿಗೆ ಏನು ಕಾಣುತ್ತದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಐದನೆಯದೋ ಆರನೆಯದೋ ಬಾಟಲಿಯ ದಿನ ಅವಳು ಥಟ್ಟನೆ, "ಬಡೇಸೋಪು ಮಾತಾಡೂದ ಬಿಟ್ತು ನೋಡು. ಇಳಸು," ಎಂದಳು. ಬಾಣಲೆಯಲ್ಲಿ ಚಟಚಟ ಸದ್ದು ಅದೇ ಆಗ ಅಡಗಿತ್ತು. ಬಗ್ಗಿ ಮೂಸಿದೆ. ಹಸಿಯೂ ಅಲ್ಲ, ಸೀದದ್ದೂ ಅಲ್ಲ, ಹದವಾಗಿತ್ತು. ಮರುದಿನ ಕೊತ್ತಂಬರಿಯನ್ನೂ ಹಾಗೇ ಸದ್ದು ಕೇಳಿಯೇ ಇಳಿಸಿದಳು, ಅದರ ಮರುದಿನ ಮೆಣಸನ್ನು. ಏಳನೆಯ ಬಾಟಲಿಯ ನಂತರ ನನ್ನ ತಕ್ಕಡಿ ಮೂಲೆ ಸೇರಿತು.

ಬೇಸಿಗೆ ಬಂತು. ಎದುರುಮನೆಯ ಗಂಗಕ್ಕ ಕರೆಯಲು ಬಂದಾಗ ಅವ್ವ ನನ್ನ ಕಡೆ ನೋಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಟೆ. ಅಲ್ಲಿ ದೊಡ್ಡ ಕಡಾಯಿ, ಐದಾರು ಹೆಂಗಸರು, ಯಾರದೋ ನಿಶ್ಚಿತಾರ್ಥದ ಜೋರು ಮಾತು. ಕೊತ್ತಂಬರಿ ಕಡಾಯಿಗೆ ಬಿತ್ತು. ಅವ್ವ ಮುಂದಕ್ಕೆ ಬಾಗಿದಳು. ಅವಳ ಬೆರಳುಗಳು ಸೆರಗನ್ನು ಹಿಂಡುತ್ತಿದ್ದವು. ಮಾತಿನ ಗದ್ದಲದಲ್ಲಿ ಅವಳಿಗೆ ಏನೂ ಕೇಳಿಸುತ್ತಿಲ್ಲವೆಂದು ನನಗೆ ಗೊತ್ತಾಯಿತು.

"ಒಂದ ಗಳಿಗಿ ಬಾಯಿ ಮುಚ್ಚತೀರೇನ?" ಎಂದಳು ಅವ್ವ. "ಬೀಗರ ಸುದ್ದಿ ಎಲ್ಲಿಗೂ ಓಡಿ ಹೋಗೂದಿಲ್ಲ."

"ಅಯ್ಯ, ಅಕ್ಕಾರು ಈ ವರ್ಷ ಭಾಳ ಖಡಕ್ ಆಗ್ಯಾರ!" ಎಂದು ಗಂಗಕ್ಕ ಕೆನ್ನೆ ಬಡಿದುಕೊಂಡಳು. ಎಲ್ಲರೂ ನಕ್ಕು ಸುಮ್ಮನಾದರು. ಕಾಳುಗಳು ಸಿಡಿದವು, ವಿರಳವಾದವು. ಅವ್ವ ಕೈ ಎತ್ತಿದಳು. ಕಡಾಯಿ ಕೆಳಗಿಳಿಯಿತು. ಗಂಗಕ್ಕ ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, "ಬರೋಬ್ಬರಿ ಆಗೇತ್ರಿ," ಎಂದಳು.

ಮನೆಯತ್ತ ಬರುವಾಗ ಅವ್ವ ತನ್ನಷ್ಟಕ್ಕೇ ನಕ್ಕಳು.

"ಮೂಗ ನೆಟ್ಟಗಿದ್ದಾಗ," ಎಂದಳು, "ನಾನೂ ಅವರ ಜೋಡಿ ಮಾತಾಡ್ಕೋತನ ಕುಂದರತಿದ್ದೆ ಯವ್ವಾ. ಇಷ್ಟ ಲಕ್ಷ್ಯ ಎಂದೂ ಕೊಟ್ಟಿದ್ದಿಲ್ಲ."