ಹೋದದ್ದು ಇಪ್ಪತ್ತೆರಡು, ಬಂದದ್ದು ಇಪ್ಪತ್ತೊಂದು

ನಲವತ್ತಾರನೆಯ ಇಸವಿಯಲ್ಲಿ ನಮ್ಮಜ್ಜಿ ಹಜ್ಜಿಗೆ ಹೊರಟಾಗ ಅವಳ ಬಟ್ಟೆಬರೆಯ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಜಗಳೂರಿನ ನಮ್ಮ ಮನೆಯಲ್ಲಿ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ. ಆಗ ನನಗೆ ಹದಿನೈದು. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ನಾನು ದಿನಾ ಒಂದು ನೋಟುಬುಕ್ಕಿನಲ್ಲಿ ಮಳೆ ಬಂದ ದಿನ, ಕೋಳಿ ಇಟ್ಟ ಮೊಟ್ಟೆ, ಅಜ್ಜಿಯೂ ಅವ್ವನೂ ಮಾತು ಬಿಟ್ಟ ದಿನ, ಎಲ್ಲವನ್ನೂ ತಾರೀಖು ಹಾಕಿ ಬರೆದಿಡುತ್ತಿದ್ದೆ. ಆ ವರ್ಷ ಮೂರನೆಯದೇ ಹೆಚ್ಚು.

ರಂಜಾನ್ ಹಬ್ಬ ಕಳೆದ ಮೂರನೆಯ ದಿನ ಹೊಸ ಹಾಳೆಗೆ ಎರಡು ಗೆರೆ ಎಳೆದೆ. ಎಡಕ್ಕೆ ‘ಹೋಗುವುದು’, ಬಲಕ್ಕೆ ‘ಬರುವುದು’. ಹೊರಡಲು ಇನ್ನು ಇಪ್ಪತ್ತೇಳು ದಿನವಿತ್ತು. ಬೊಂಬಾಯಿಯಿಂದ ಹಡಗು. ಜೊತೆಗೆ ಹೋಗುವವನು ನ್ಯಾಮತಿಯಲ್ಲಿದ್ದ ಅಜ್ಜಿಯ ತಮ್ಮ.

ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಹಾಳೆಯನ್ನು ನೋಡಿದಳು.

“ಈ ಕಡೆ ಯಾಕೆ ಖಾಲಿ ಬಿಟ್ಟೀಯ?”

“ನೀನು ವಾಪಸ್ ಬಂದ ಮೇಲೆ ಗುರುತು ಹಾಕಾಕೆ.”

“ಬರ್ತೀನಿ ಅಂತ ನಿನಗೆ ಯಾರು ಹೇಳಿದ್ರು?” ಎಂದು ನಕ್ಕು ಎಲೆಯನ್ನು ಬಾಯಿಗಿಟ್ಟುಕೊಂಡಳು. ಅದನ್ನು ನಾನು ತಮಾಷೆ ಎಂದೇ ಬರೆದುಕೊಂಡೆ.

ಆಗ ಬಟ್ಟೆಗೆ ಕಂಟ್ರೋಲ್. ಬಿಳಿ ಮಾದರಪಾಟದ ಬಟ್ಟೆ ಸಿಗುವುದೇ ಕಷ್ಟ. ನಮ್ಮ ಕಾರ್ಡಿನ ಪಾಲಿನ ಜೊತೆಗೆ ಹೊನ್ನಾಳಿಯ ಸೋದರತ್ತೆಯ ಪಾಲು, ನ್ಯಾಮತಿಯವರ ಪಾಲು, ಎಲ್ಲವನ್ನೂ ಅಜ್ಜಿ ತಿಂಗಳುಗಟ್ಟಲೆ ಕೂಡಿಸಿ ಗೋಡೆಗೂಡಿನಲ್ಲಿ ಇಟ್ಟಿದ್ದಳು. ಬಂದ ಬಟ್ಟೆಯನ್ನೆಲ್ಲ ಗಜದ ಲೆಕ್ಕದಲ್ಲಿ ನಾನೇ ಬರೆದಿಟ್ಟಿದ್ದೆ. ಅದರಲ್ಲಿ ನನಗೊಂದು ಲಂಗ, ಒಂದು ರವಿಕೆ ಎಂದು ಮಾತಾಗಿತ್ತು. ನನ್ನ ಹಳೆಯ ಲಂಗ ಎರಡು ಸಲ ಅಂಚು ಬಿಚ್ಚಿಸಿಕೊಂಡು ಇನ್ನು ಬಿಚ್ಚಲು ಏನೂ ಉಳಿದಿರಲಿಲ್ಲ.

ಹೊರಡಲು ಹತ್ತೊಂಬತ್ತು ದಿನವಿದ್ದಾಗ ಅಜ್ಜಿ ನನ್ನನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿ ಗಾದಿ ಹೊಲಿಯುವ ದಾರದಿಂದ ಅಳತೆ ತೆಗೆದಳು. ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದು ಅಲ್ಲೊಂದು ಗಂಟು ಹಾಕಿದಳು. ಅವಳು ನನ್ನ ಕಿವಿಯವರೆಗೆ ಬರುತ್ತಿದ್ದಳು. ನೆತ್ತಿ ಮುಟ್ಟಲು ಒರಳಿನ ಮೇಲೆ ಹತ್ತಿದ್ದಳು.

“ಲಂಗಕ್ಕೆ ತಲೆಯಿಂದ ಯಾಕೆ ಅಳೀತೀಯಜ್ಜಿ?”

“ಸುಮ್ನೆ ನಿಂತ್ಕೊ. ಒಂಟೆ ಬೆಳೆದಂಗೆ ಬೆಳೆದೀಯ. ಗೇಣು ಗೇಣು ಜಾಸ್ತಿ ಬಿಡಬೇಕು.”

ಒಂದು ಗೇಣು ಹೆಚ್ಚಿಗೆ ಬಿಟ್ಟರೆ ಮುಂದಿನ ವರ್ಷಕ್ಕೂ ಆಗುತ್ತದೆ ಎಂದು ನನಗೆ ಖುಷಿಯಾಯಿತು.

ಆಮೇಲಿನ ದಿನಗಳಲ್ಲಿ ಅಜ್ಜಿ ಮನೆಮನೆಗೆ ಹೋಗಿ ಮಾಫಿ ಕೇಳಿದಳು. ಹಜ್ಜಿಗೆ ಹೋಗುವವರು ಹಾಗೆ ಕ್ಷಮೆ ಕೇಳಿಯೇ ಹೊರಡಬೇಕು. ಎದುರುಮನೆಯ ಲಿಂಗಾಯತರ ಮುದುಕಿ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಮಾಫಿ ಆಮೇಲೆ ಕೇಳುವಂತಿ. ನನ್ನ ಒನಕೆ ಒಯ್ದು ಹದಿನಾಲ್ಕು ವರ್ಷ ಆತು. ಅದನ್ನ ತಗಂಬಾ ಮೊದಲು.”

“ನಿನ್ನ ಒನಕೆನಾ ಅದು? ನಾನು ನಂದೇ ಅಂದ್ಕಂಡು ಬೈದಾಡಿಕೊಂಡು ಕುಟ್ತಿದ್ದೆ.”

ಒನಕೆಯನ್ನು ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ. ಆ ಮುದುಕಿ ಅಜ್ಜಿಯ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಹೊರಡಲು ನಾಲ್ಕು ದಿನವಿತ್ತು. ಮಧ್ಯಾಹ್ನ ಟ್ರಂಕನ್ನು ನಡುಮನೆಗೆ ಎಳೆದುಕೊಂಡು ಪಟ್ಟಿಗೆ ತಾಳೆ ಹಾಕಲು ಕೂತೆ. ಸೀರೆ ನಾಲ್ಕು, ಕುಪ್ಪಸ ಐದು, ಒಳಲಂಗ ಮೂರು, ಹೊದಿಕೆ ಎರಡು, ತಲೆಗೆ ಕಟ್ಟುವ ಬಿಳಿ ಬಟ್ಟೆ ಎರಡು, ಟವೆಲು ಎರಡು, ಕಂಬಳಿ ಒಂದು, ಹಡಗಿನಲ್ಲಿ ಹಾಸಿಕೊಳ್ಳಲು ಅಪ್ಪ ಹೊಲಿದ ತೆಳು ಗಾದಿ ಒಂದು. ಇಪ್ಪತ್ತು. ಟ್ರಂಕಿನ ತಳದಲ್ಲಿ ಪಟ್ಟಿಯಲ್ಲಿಲ್ಲದ ಎರಡು ಬಿಳಿ ಗಂಟುಗಳಿದ್ದವು.

ಮೊದಲನೆಯದನ್ನು ಬಿಚ್ಚಿದೆ. ಐದು ತುಂಡು. ಸೊಂಟಕ್ಕೆ ಸುತ್ತುವುದು, ಹೊಲಿಗೆಯಿಲ್ಲದ ಅಂಗಿ, ತಲೆಬಟ್ಟೆ, ಎದೆಗೆ ಕಟ್ಟುವ ಪಟ್ಟಿ, ಎಲ್ಲದರ ಮೇಲೆ ಸುತ್ತುವ ದೊಡ್ಡ ಬಟ್ಟೆ. ಕಫನ್. ಹೆಂಗಸು ಸತ್ತರೆ ಐದು, ಗಂಡಸು ಸತ್ತರೆ ಮೂರು ಎಂದು ನನಗೆ ಗೊತ್ತಿತ್ತು. ಹಜ್ಜಿಗೆ ಹೋಗುವವರು ತಮ್ಮ ಕಫನ್ ಒಯ್ದು ಜಮ್‌ಜಮ್ ಬಾವಿಯ ನೀರಿನಲ್ಲಿ ಅದ್ದಿ ತರುತ್ತಾರೆಂದೂ ಕೇಳಿದ್ದೆ. ಕೇಳಿದ್ದು ಬೇರೆ. ಅಜ್ಜಿಯದನ್ನು ಕೈಯಲ್ಲಿ ಹಿಡಿಯುವುದೇ ಬೇರೆ.

ಎರಡನೆಯದು ಅಜ್ಜಿಯ ತಮ್ಮನದು ಇರಬೇಕೆಂದು ಬಿಚ್ಚಿದೆ. ಅದರಲ್ಲೂ ಐದು. ದೊಡ್ಡದನ್ನು ಹಾಸಿದೆ, ಮೊದಲಿನದಕ್ಕಿಂತ ತುಂಬಾ ಉದ್ದ. ಗಂಟಿಗೆ ಸುತ್ತಿದ್ದ ದಾರ ನನ್ನ ತೊಡೆಯ ಮೇಲೆ ಬಿದ್ದಿತ್ತು. ಗಾದಿ ಹೊಲಿಯುವ ದಾರ. ಅದರಲ್ಲೊಂದು ಗಂಟಿತ್ತು.

ನಾನು ಕೂಗಿದೆನಂತೆ. ನನಗೆ ನೆನಪಿಲ್ಲ. ಅವ್ವ ಒಲೆಯ ಮುಂದಿನಿಂದ ಎದ್ದು ಓಡಿಬಂದಳು. ಬಟ್ಟೆ ನೋಡಿದಳು, ದಾರ ನೋಡಿದಳು, ನನ್ನನ್ನು ನೋಡಿದಳು.

“ಅತ್ತೆವ್ರೇ, ಏನಿದು? ಮದುವೆ ಮಾಡೋ ಹುಡುಗೀಗೆ ಕಫನ್ ಹರಿಸೀರಾ? ನಿಮ್ಮ ಕೈಯಾದ್ರೂ ಹೆಂಗೆ ಬಂತು?”

“ನಿಂಗೂ ಹರಿಸ್ತಿದ್ದೆ. ಬಟ್ಟೆ ಸಾಲಲಿಲ್ಲ” ಎಂದಳು ಅಜ್ಜಿ. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಸಾಲದೆ ಹೋದದ್ದಕ್ಕೆ ಬೇಜಾರಾಗಿತ್ತು ಅವಳಿಗೆ.

“ನನ್ನ ಲಂಗ?” ಎಂದೆ ನಾನು. ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಅದೇ.

“ಲಂಗ ಮುಂದಿನ ವರ್ಷ ಬರ್ತೈತೆ. ನಾನು ಅಲ್ಲಿಗೆ ಹೋಗಾದು ಒಂದೇ ಸಲ.”

ಅವ್ವ ಗಂಟನ್ನು ಎತ್ತಿಕೊಂಡು ಒಳಗೆ ನಡೆದಳು. ಅಜ್ಜಿ ಹಿಂದೆಯೇ ಹೋಗಿ ಕಿತ್ತುಕೊಂಡು ಬಂದಳು. ಹೀಗೆ ಎರಡು ಸಲ ಆಯಿತು. ಅಪ್ಪ ಹತ್ತಿ ಹಿಂಜುವ ಬಿಲ್ಲು ಮೀಟುವುದನ್ನು ನಿಲ್ಲಿಸಿ, ಮೈತುಂಬ ಹತ್ತಿಯ ನವಿರು ಅಂಟಿಸಿಕೊಂಡು ಬಾಗಿಲಲ್ಲಿ ನಿಂತಿದ್ದ.

ಕೊನೆಗೆ ಅಜ್ಜಿ ನನ್ನೆದುರು ಕೂತಳು. “ಆ ಹಾಳೆ ತೆಗಿ. ನಂದು ಬರೀ. ಅದರ ಮುಂದೆ ಬಲಗಡೆ ಖಾಲಿ ಬಿಡು, ಅದೇನಾಗ್ತೈತೋ ದೇವರಿಗೆ ಗೊತ್ತು. ನಿಂದು ಬರೀ. ಅದರ ಮುಂದೆ ಬಂತು ಅಂತ ಈಗ್ಲೇ ಗುರುತು ಹಾಕು. ಅದನ್ನ ನಿನ್ನ ಕೈಗೆ ಕೊಡಾಕಾದ್ರೂ ನಾನು ಬರಬೇಕಲ್ಲ.”

ಅವಳು ಬರುವುದಿಲ್ಲವೇನೋ ಎಂಬ ಭಯ ಅಲ್ಲಿಯವರೆಗೆ ನನಗೆ ಹುಟ್ಟಿಯೇ ಇರಲಿಲ್ಲ. ಹುಟ್ಟಿದ ಮೇಲೆ ಆ ಗಂಟನ್ನು ಟ್ರಂಕಿನಿಂದ ತೆಗೆಸುವ ಧೈರ್ಯ ಬರಲಿಲ್ಲ. ಇಪ್ಪತ್ತೊಂದು, ಅಜ್ಜಿಯದು. ಇಪ್ಪತ್ತೆರಡು, ನನ್ನದು. ಆಗದೆ ಇದ್ದದ್ದಕ್ಕೆ ಗುರುತು ಹಾಕಿ ನನಗೆ ಅಭ್ಯಾಸವಿಲ್ಲ. ಪೆನ್ಸಿಲಿನಲ್ಲಿ, ಒತ್ತದೆ, ಒಂದು ಗೆರೆ ಎಳೆದೆ.

ಮಾನವಮಿಗೆ ಒಂದು ವಾರವಿರುವಾಗ ಅಜ್ಜಿಯೂ ಅವಳ ತಮ್ಮನೂ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ದಾವಣಗೆರೆಗೆ ಹೊರಟರು, ಅಲ್ಲಿಂದ ರೈಲು. ಅವತ್ತಿನಿಂದ ನಾನು ದಿನ ಎಣಿಸಿದೆ. ಎರಡು ಕಾಗದ ಬಂದವು. ಅವ್ವ ನನ್ನೊಡನೆ ಆ ಗಂಟಿನ ಮಾತು ಒಮ್ಮೆಯೂ ಎತ್ತಲಿಲ್ಲ. ನನಗೆ ನೆಗಡಿಯಾದರೂ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ತೊಂಬತ್ತೊಂದನೆಯ ದಿನ ಅಜ್ಜಿ ಬಂದಳು. ಕಪ್ಪಗಾಗಿದ್ದಳು, ಇನ್ನೂ ಗಿಡ್ಡವಾದಂತೆ ಕಂಡಳು. ಊರಿನವರೆಲ್ಲ ಬಂದು ಖರ್ಜೂರ ತೆಗೆದುಕೊಂಡು ಹೋದ ಮೇಲೆ ನಾನು ಪಟ್ಟಿ ತಂದು ಟ್ರಂಕು ತೆರೆದೆ. ಇಪ್ಪತ್ತು ಸರಿಯಿದ್ದವು. ಇಪ್ಪತ್ತೊಂದನೆಯ ಗಂಟು ತಳದಲ್ಲಿತ್ತು. ಅದರಡಿ ಏನೂ ಇರಲಿಲ್ಲ.

“ಅಜ್ಜಿ, ನಂದೆಲ್ಲಿ?”

ಅಜ್ಜಿ ಅವ್ವನ ಕಡೆ ನೋಡಿದಳು. ಆಮೇಲೆ ಹೇಳಿದಳು.

“ವಾಪಸ್ ಬರೋವಾಗ ಹಡಗಿನಾಗೆ ನಮ್ಮ ಪಕ್ಕದಾಗೆ ಹೊಸದಾಗಿ ಮದುವೆ ಆದೋರು ಇದ್ರು, ಧಾರವಾಡದ ಕಡೆಯೋರು. ಹುಡುಗೀಗೆ ಜ್ವರ ಬಂತು. ಐದನೇ ದಿನ ಹೋಗಿಬಿಟ್ಲು. ಅವಳ ಪೆಟ್ಟಿಗೆ ತೆಗೆದ್ರೆ ಬರೀ ಬಣ್ಣದ ಸೀರೆ, ಬಳೆ. ಸಣ್ಣೋಳು ಅಂತ ಯಾರೂ ಇದನ್ನ ಕಟ್ಟಿರಲಿಲ್ಲ. ಗಂಡ ತನ್ನದನ್ನೇ ಕೊಡಾಕೆ ಬಂದ, ಅವಂದು ಮೂರೇ. ನಂದು ಹಾಕಿ ನೋಡಿದೆ. ಕಾಲು ಮುಚ್ಚಲಿಲ್ಲ.”

ಅವಳು ಟ್ರಂಕಿನ ಮುಚ್ಚಳ ಹಾಕಿದಳು.

“ನಿಂದು ಸರಿಯಾತು. ಒಂದು ಬೆರಳು ಹೆಚ್ಚಿಲ್ಲ, ಕಡಿಮೆ ಇಲ್ಲ. ಕಬ್ಬಿಣದ ತುಂಡು ಕಟ್ಟಿ ನೀರಿಗೆ ಬಿಟ್ರು.”

ನನ್ನ ಅಳತೆಗೆ ಹರಿದ ಬಟ್ಟೆ, ನಾನು ಬಿಚ್ಚಿ ಹಾಸಿ ನೋಡಿದ್ದ ಬಟ್ಟೆ, ಸಮುದ್ರದ ತಳದಲ್ಲಿತ್ತು. ಅದರೊಳಗೆ ಒಬ್ಬಳಿದ್ದಳು.

“ವಯಸ್ಸೆಷ್ಟಿತ್ತು ಅವಳಿಗೆ?” ಎಂದಳು ಅವ್ವ.

“ಇವಳಷ್ಟೇ.”

ಅವ್ವ ಮುಖಕ್ಕೆ ಸೆರಗು ಒತ್ತಿಕೊಂಡಳು. ನಾನು ಪೆನ್ಸಿಲಿನ ಗೆರೆಯನ್ನು ಅಳಿಸಿ, ಅಲ್ಲಿ ಶಾಯಿಯಲ್ಲಿ ‘ಬರಲಿಲ್ಲ’ ಎಂದು ಬರೆದು ತಾರೀಖು ಹಾಕಿದೆ.

ಅಜ್ಜಿ ಸೊಂಟದ ಚೀಲದಿಂದ ದಾರವನ್ನು ತೆಗೆದು ನನ್ನ ಕೈಗೆ ಕೊಟ್ಟಳು. “ಇದು ಉಳೀತು” ಎಂದಳು. ಅದು ಪಟ್ಟಿಯಲ್ಲಿರಲಿಲ್ಲ.

ಕಂಬಕ್ಕೆ ಒರಗಿ ನಿಂತು ದಾರದ ತುದಿಯನ್ನು ನೆತ್ತಿಗೆ ಹಿಡಿದೆ. ಅವ್ವ ಬಗ್ಗಿ ಇನ್ನೊಂದು ಕಡೆ ಎಳೆದು ನೋಡಿದಳು. ಗಂಟು ಹಿಮ್ಮಡಿಯವರೆಗೆ ಬರಲಿಲ್ಲ. ಎರಡು ಬೆರಳು ಮೇಲೇ ನಿಂತಿತು.